ಬ್ಯಾರನ್ನಿನೊಳಗೆ ತಾತ

ನನ್ನ ಮೊಮ್ಮಗಳು ನಯನಾ ಹಾಸನದಲ್ಲಿ ಬಿಸಿ ಯೋಗದ ಕ್ಲಾಸು ತೆರೆದಳು. ಈ ಸುದ್ದಿಯನ್ನು ಕೊಣನೂರು ಸಂತೆಯಲ್ಲಿ ಬದನೆಕಾಯಿ ಮಾರುವವಳಿಗೂ, ಬಸ್ಸಿನ ಕಂಡಕ್ಟರಿಗೂ, ಕೇಳದೇ ಇದ್ದವರಿಗೂ ಹೇಳಿದ್ದೇನೆ. ನಾನು ಓದಿದ್ದು ಅಷ್ಟಕ್ಕಷ್ಟೆ. ಮೊಮ್ಮಗಳು ಟೀಚರು! ಎದೆ ಉಬ್ಬಿದರೂ ಅಂಗಿಯ ಗುಂಡಿ ಕಿತ್ತುಹೋಗದೆ ಉಳಿದದ್ದು ದರ್ಜಿಯ ಪುಣ್ಯ.

ಬಿಸಿ ಯೋಗವೆಂದರೆ ಹೀಟರಿನಿಂದ ಕಾಯಿಸಿದ ಕೋಣೆಯಲ್ಲಿ ಬೆವರು ಸುರಿಸುತ್ತಾ ಆಸನ ಹಾಕುವುದು. ಮೊದಲ ದಿನ ಬಂದವರಿಗೆ ಹಿಡಿಸಿದರೆ ಕ್ಲಾಸು ಉಳಿಯುತ್ತದೆ, ಹೆದರಿದರೆ ಬಾಗಿಲು ಮುಚ್ಚಬೇಕು ಎಂದು ಹುಡುಗಿ ಪೇಚಾಡುತ್ತಿದ್ದಳು.

“ಎದರ್ಬ್ಯಾಡ ಕಣವ್ವ, ಮುಂದ್ಗಡೆ ನಾನ್ ನಿಂತ್ಕತೀನಿ. ಬ್ಯಾರನ್ ಶಾಖ ಕಂಡೋನು ನಾನು!” ಎಂದೆ.

ಬ್ಯಾರನ್ ಎಂದರೆ ಹೊಗೆಸೊಪ್ಪನ್ನು ಶಾಖ ಕೊಟ್ಟು ಹದ ಮಾಡುವ ಮನೆ. ನನ್ನ ಆಯಸ್ಸೆಲ್ಲ ಅದರಲ್ಲೇ ಕಳೆದಿದೆ.

“ತಾತ, ಅದೇ ಬೇರೆ, ಇದೇ ಬೇರೆ. ಮೊದ್ಲು ಡಾಕ್ಟರ್‌ನ ಕೇಳಿ. ಹೊಟ್ಟೆ ತುಂಬ ತಿಂದು ಬರ್ಬೇಡಿ. ನೀರು ಕುಡೀರಿ. ತೆಳ್ಳನೆ ಬಟ್ಟೆ ಹಾಕ್ಕೊಳ್ಳಿ. ತಲೆ ಸುತ್ತಿದ್ರೆ ತಕ್ಷಣ ಕೂತ್ಕೊಳ್ಳಿ. ಯಾರ ಜೊತೆಗೂ ಪೈಪೋಟಿ ಬೇಡ.”

ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ಎಂಬುದನ್ನು ಕೇಳಿಸಿಕೊಂಡೆ. ಏನು ಹೇಳುತ್ತಾಳೆ ಎಂಬುದನ್ನಲ್ಲ.

ಡಾಕ್ಟರು ಬಿಪಿ ನೋಡಿ “ನಿಧಾನವಾಗಿ ಮಾಡಿ” ಎಂದರು. ಅಲ್ಲಿಗೆ ಎಚ್ಚರಿಕೆಯ ಕಾರ್ಯಕ್ರಮ ಮುಗಿಯಿತು. ಬೆಳಿಗ್ಗೆ ಶಕ್ತಿಗೆಂದು ಮುದ್ದೆ, ಅವರೆಕಾಳು ಸಾರು ಬಾರಿಸಿದೆ. ನಡುವೆ ಎದ್ದು ಹೋಗುವಂತಾದರೆ ಮೊಮ್ಮಗಳ ಮರ್ಯಾದೆ ಏನಾಗಬೇಕೆಂದು ನೀರು ಕುಡಿಯುವುದನ್ನೇ ಬಿಟ್ಟೆ.

“ರೀ, ಬೇಯಾಕ್ ಓಗೋರಿಗೆ ಸ್ವೆಟರ್ ಯಾಕ್ರೀ?” ಎಂದಳು ನನ್ನ ಹೆಂಡತಿ ಲಕ್ಕಮ್ಮ.

“ಓಗೋಗಂಟ ಚಳಿ ಅಲ್ವೇನೆ!”

ಒಳಗೆ ಹೋದ ಮೇಲೆ ಬಿಚ್ಚಲು ನಾಚಿಕೆ. ಸ್ವೆಟರಿನ ಕೆಳಗಿದ್ದ ಬನಿಯನ್ನಿಗೆ ಬಟ್ಟೆಗಿಂತ ಕಿಟಕಿಗಳೇ ಹೆಚ್ಚು.

ಲಕ್ಕಮ್ಮ ಹೊರಗೆ ಬೆಂಚಿನ ಮೇಲೆ ಕೂತಳು. ಒಳಗೆ ಎಲ್ಲರೂ ಕಣ್ಣು ಮುಚ್ಚಿ ಉಸಿರಾಡುತ್ತಿದ್ದರು. ನಾನು ಕಣ್ಣು ಬಿಟ್ಟೆ. ಮೇಲೆ ವೆಂಟಿಲೇಟರ್ ತೆರೆದಿದೆ! ಬ್ಯಾರನ್ನಿನಲ್ಲಿ ಸೊಪ್ಪು ಹಳದಿಗೆ ತಿರುಗುವ ತನಕ ಶಾಖ ಸೋರಬಾರದು. ಕೈ ಸುಮ್ಮನಿರಲಿಲ್ಲ. ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡು ಮೆಲ್ಲಗೆ ಅದನ್ನು ಮುಚ್ಚಿದೆ. ಕರ್ತವ್ಯಪ್ರಜ್ಞೆ!

ಪಕ್ಕದ ಚಾಪೆಯಲ್ಲಿ ಚನ್ನರಾಯಪಟ್ಟಣದ ಬಟ್ಟೆ ಅಂಗಡಿ ಪದ್ಮರಾಜಯ್ಯನವರು. ಅವರು ಬಗ್ಗಿದರೆ ನಾನು ಇನ್ನೂ ಬಗ್ಗಿದೆ. ಪೈಪೋಟಿ ಬೇಡ ಎಂದದ್ದು ಅವರಿಗಿರಬೇಕು. ಕೋಣೆ ಕಾಯಿತು. ನಾನೂ ಕಾದೆ. ಮುದ್ದೆ ಒಳಗೆ ದಾರಿ ಹುಡುಕತೊಡಗಿತು.

“ಯಜಮಾನ್ರೇ, ಮಕ ಕೆಂಪಗಾಗೈತಲ್ಲ?” ಎಂದರು ಪದ್ಮರಾಜಯ್ಯ.

“ಹದ ಬತ್ತಾ ಐತೆ ಸಾ!”

ನಯನಾ “ವೃಕ್ಷಾಸನ” ಎಂದಳು. ಒಂಟಿ ಕಾಲಲ್ಲಿ ನಿಂತೆ. ಗೋಡೆ ವಾಲಿತು. ಮರ ಬಿತ್ತು. ಪದ್ಮರಾಜಯ್ಯನವರ ಕಾಲ ಮೇಲೆ!

ಹುಡುಗಿ ಹೀಟರ್ ಆರಿಸಿ, ಬಾಗಿಲು ತೆರೆದು, ನನ್ನನ್ನು ಹೊರಗೆ ತಂದು ಮಲಗಿಸಿದಳು. ಸ್ವೆಟರ್ ಬಿಚ್ಚಿ, ಕುತ್ತಿಗೆಗೆ ಒದ್ದೆ ಬಟ್ಟೆ ಇಟ್ಟು, ಗುಟುಕು ಗುಟುಕಾಗಿ ನೀರು ಕುಡಿಸಿದಳು. ಬನಿಯನ್ನಿನ ಕಿಟಕಿಗಳೆಲ್ಲ ಸಾರ್ವಜನಿಕ ದರ್ಶನಕ್ಕೆ ತೆರೆದವು. ನಾನು ಸುಧಾರಿಸಿಕೊಂಡ ಮೇಲೆ ಕೇಳಿದಳು: “ವೆಂಟಿಲೇಟರ್ ಮುಚ್ಚಿದ್ದು ಯಾರು?”

ಕೋಲು ನನ್ನ ಚಾಪೆಯ ಮೇಲೇ ಇತ್ತು.

“ಬ್ಯಾರನ್ನಲ್ಲಿ ಅಂಗೇ ಅಲ್ವಾ ಮಗ…”

ಲಕ್ಕಮ್ಮ ಹಣೆ ಚಚ್ಚಿಕೊಂಡಳು. “ಶಿವನೇ! ಬೆಂಕಿ ಇರೋವಾಗ ಯಾವತ್ತು ಒಳಿಕೆ ಓಗಿದ್ರಿ? ಒರಗೆ ಕುಂತು ಗಾಜಿನ ಕಿಂಡೀಲಿ ನೋಡ್ತಿದ್ರಿ. ಒಳಗೆ ಇದ್ದಿದ್ದು ಸೊಪ್ಪು ಕಣ್ರೀ!”

ಇದು ನನಗೆ ಹೊಳೆದೇ ಇರಲಿಲ್ಲ.

ಎಲ್ಲರೂ ಚಪ್ಪಲಿ ಹುಡುಕುತ್ತಿದ್ದರು. ಮೊಮ್ಮಗಳ ಕ್ಲಾಸಿಗೆ ನಾನೇ ಬೀಗ ಹಾಕಿದೆನಲ್ಲಾ ಎಂದುಕೊಂಡೆ. ಪದ್ಮರಾಜಯ್ಯನವರು ಕಾಲು ಉಜ್ಜಿಕೊಳ್ಳುತ್ತಾ ಹೇಳಿದರು: “ಈ ಮಗು ಒಂಚೂರೂ ಗಾಬರಿಯಾಗದೆ ಎಂಗ್ ನೋಡ್ಕಂಡ್ತು! ಇದರ ಕೈಲಿ ಕಲಿಯಾಕೆ ಭಯ ಇಲ್ಲ. ನಾಳೆಯಿಂದ ಬತ್ತೀನಿ. ಯಜಮಾನ್ರನ್ನ ಮಾತ್ರ ದೂರ ನಿಲ್ಸವ್ವ!” ಮಿಕ್ಕವರೂ ನಕ್ಕು ಒಪ್ಪಿದರು. ನಾನು ಕುಣಿಯಲೆಂದು ಎದ್ದೆ.

“ತಾತ, ಕೂತ್ಕೊಳ್ಳಿ!”

ಈಗ ಹೊಸಬರು ಬಂದಾಗಲೆಲ್ಲ ನಯನಾ ನನ್ನನ್ನು ಕರೆಸುತ್ತಾಳೆ. “ಇವ್ರು ನಮ್ ತಾತ. ಇವ್ರು ಮಾಡಿದ್ದನ್ನ ಯಾರೂ ಮಾಡ್ಬೇಡಿ” ಎನ್ನುತ್ತಾಳೆ. ನಾನು ಹೆಮ್ಮೆಯಿಂದ ಕೈಮುಗಿದು ಹೊರಗೆ ಬರುತ್ತೇನೆ. ಬಾಗಿಲಿಗೆ ಒಂದು ಗಾಜಿನ ಕಿಂಡಿಯಿದೆ. ಅಲ್ಲಿ ಕುರ್ಚಿ ಹಾಕಿಕೊಂಡು, ಒಳಗಿನವರು ಹದಕ್ಕೆ ಬಂದರೋ ಇಲ್ಲವೋ ಎಂದು ನೋಡುತ್ತಾ ಕೂರುತ್ತೇನೆ.

ನನಗೆ ಬರುವ ಕೆಲಸ ಇದೊಂದೇ.