ಕಂಬಳಿಯ ದಾರಿ ಮುಚ್ಚಿದ್ದು

ಬಟ್ಟೆಯ ವಿಷಯದಲ್ಲಿ ನನಗೆ ಟೋಪಿ ಹಾಕುವವರು ವಿಜಯನಗರ, ಚಂದ್ರಾ ಲೇಔಟ್ ಕಡೆ ಇನ್ನೂ ಹುಟ್ಟಿಲ್ಲ. ಆದ್ದರಿಂದ ನಮ್ಮ ಮನೆ ಮಾಲೀಕರಾದ ನಿವೃತ್ತ ಅಧ್ಯಾಪಕಿ ಇಂದಿರಮ್ಮ ಮೇಡಂ ಹತ್ತು ದಿನ ಮೈಸೂರಿಗೆ ಹೊರಟಾಗ ತಮ್ಮ ಅಮೆರಿಕದ ಕಂಬಳಿಯನ್ನು ನನಗೇ ಒಪ್ಪಿಸಿದ್ದು ಸಹಜವಾಗಿಯೇ ಇತ್ತು.

“ಅಮೆರಿಕದ ಮೂಲನಿವಾಸಿಗಳು, ನವಾಹೋ ಜನರ ನೇಯ್ಗೆ ಕಣಪ್ಪ. ನೇಯ್ದ ಅಜ್ಜಿ ತಾನೇ ಕುರಿ ಸಾಕಿ, ನೂಲು ತೆಗೆದು, ಅಲ್ಲಿನ ಗಿಡಗಳಿಂದಲೇ ಬಣ್ಣ ಮಾಡಿ ನನಗೆ ಕೊಟ್ಟಿದ್ದು. ನುಸಿ ಹತ್ತದ ಹಾಗೆ ಬಿಸಿಲಿಗೆ ಹಾಕು, ಅಷ್ಟು ಸಾಕು.”

ಅಷ್ಟಕ್ಕೇ ನಿಲ್ಲುವ ಮನುಷ್ಯನೇ ನಾನು! ತಾರಸಿಯ ಮೇಲೆ ಹರಡಿದಾಗ ಕಣ್ಣಿಗೆ ಬಿತ್ತು: ಕಪ್ಪು ಅಂಚನ್ನು ಸೀಳಿಕೊಂಡು ಒಳಗಿನ ಒಂದು ಬಿಳಿ ಎಳೆ ಹೊರತುದಿಯವರೆಗೂ ಹೋಗಿದೆ.

“ಡ್ಯಾಮೇಜ್ ಪೀಸ್ ಕಣೇ ಸರಳಾ! ಪಾಪ, ಮೇಡಂಗೆ ಚೆನ್ನಾಗಿ ತಗಲಾಕಿದಾರೆ.”

“ಅವರ ಕಂಬಳಿ ಉಸಾಬರಿ ನಿಮಗ್ಯಾಕ್ರೀ?” ಎಂದಳು ನನ್ನ ಹೆಂಡತಿ.

ಹರಿದದ್ದು ಕಾಣದಂತೆ ರಫೂ ಮಾಡುವ ಬಾಷಾ ಸಾಬರ ಬಳಿಗೆ ಒಯ್ದೆ. “ಹರಿದೇ ಇಲ್ವಲ್ಲ ಸಾರ್?” ಎಂದು ಅವರು ತಲೆ ಕೆರೆದುಕೊಂಡರು. ಅರ್ಧ ಗಂಟೆ ಚೌಕಾಸಿ ಮಾಡಿ ಒಪ್ಪಿಸಿದೆ. ಷರತ್ತು ಒಂದೇ: ಬಿಳಿಯ ಮೇಲೆ ಕಪ್ಪು ಉಣ್ಣೆ ಕೂಡಿಸಿದ್ದು ದೇವರಿಗೂ ಗೊತ್ತಾಗಬಾರದು!

ಗೊತ್ತಾಗಲಿಲ್ಲ. ಹಿಂಬದಿಯಲ್ಲಿ ಒಂದು ದಾರದ ತುದಿ ಮಾತ್ರ ನೇತಾಡುತ್ತಿತ್ತು. ತುದಿ ಬಿಡುವುದು ಸೋಮಾರಿಗಳ ಕೆಲಸ, ನೆನಪಿಡಿ. ಕತ್ತರಿಸಿ ಎಸೆದೆ.

ಮರುದಿನ ಮೇಡಂ ಬರೆದ ಇನ್‌ಲ್ಯಾಂಡ್ ಲೆಟರ್ ಬಂತು. ‘ಶನಿವಾರ ಬರುತ್ತೇನೆ. ಭಾನುವಾರ ನನ್ನ ಹಳೆಯ ವಿದ್ಯಾರ್ಥಿನಿಯರಿಗೆ ಕಂಬಳಿ ತೋರಿಸಬೇಕು, ಮುಖ್ಯವಾಗಿ ಆ ಬಿಳಿ ಎಳೆ. ನೇಯ್ದವಳ ಮನಸ್ಸು ಒಳಗೇ ಸಿಕ್ಕಿಬೀಳದೆ ಮುಂದಿನ ನೇಯ್ಗೆಗೆ ಹೊರಡಲಿ ಎಂದು ನವಾಹೋ ಜನರಲ್ಲಿ ಕೆಲವರು ಬಿಡುವ ದಾರಿ ಅದು.’

ಸಮುದ್ರದಾಚೆಯ ಅಜ್ಜಿಯ ಮನಸ್ಸನ್ನು ನಾನು ಚಂದ್ರಾ ಲೇಔಟಿನಲ್ಲಿ ಕೂಡಿಹಾಕಿದ್ದೆ!

ಕಂಬಳಿ ಹೊತ್ತು ಸಾಬರಲ್ಲಿಗೆ ಓಡಿದೆ.

“ಬಿಚ್ಚೋದು ಸುಲಭ ಸಾರ್. ಹಿಂದೆ ಒಂದು ತುದಿ ಬಿಟ್ಟಿದೀನಲ್ಲ, ಎಳೆದ್ರೆ ಪೂರಾ ಬಂದ್ಬಿಡುತ್ತೆ. ಅರೆ, ತುದಿ ಎಲ್ಲಿ?”

ನಾನು ಫ್ಯಾನ್ ನೋಡಿದೆ.

“ನನ್ನ ದಾರ ಯಾವ್ದು, ಅಜ್ಜಿ ದಾರ ಯಾವ್ದು, ನನಗೇ ಗೊತ್ತಾಗ್ತಿಲ್ಲ ಸಾರ್. ನೀವೇ ಅಂದ್ರಲ್ಲ, ದೇವರಿಗೂ ಗೊತ್ತಾಗಬಾರದು ಅಂತ!”

ಶನಿವಾರ ಮೇಡಂ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೆರಳಿನಿಂದ ಅಂಚನ್ನು ಸವರಿ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಒಳಗಿನಿಂದ ಭೂತಗನ್ನಡಿ, ಸೂಜಿ ತಂದರು.

“ಕೂತ್ಕೋ. ಒಂದೊಂದೇ ಎಳೆ ಬಿಚ್ಚು.”

ಭಾನುವಾರ ವಿದ್ಯಾರ್ಥಿನಿಯರು ಬರುವಷ್ಟರಲ್ಲಿ ಅರ್ಧ ಇಂಚು ದಾರಿ ತೆರೆದಿತ್ತು. ಅವರು ಕಂಬಳಿಗಿಂತ ನನ್ನನ್ನೇ ಹೆಚ್ಚು ನೋಡಿದರು.

“ಇಷ್ಟರಲ್ಲಿ ಅಜ್ಜಿ ಮನಸ್ಸು ಹೊರಗೆ ಬರುತ್ತೇನೇ?” ಎಂದು ಸರಳಾಳ ಕಿವಿಯಲ್ಲಿ ಕೇಳಿದೆ.

“ಅವರದು ಹೇಗೋ ಬರುತ್ತೆ ಬಿಡ್ರೀ. ನಿಮ್ಮ ಬುದ್ಧಿಗಂತೂ ದಾರೀನೇ ಬೇಕಾಗಿಲ್ಲ. ಅದು ಹೊರಟುಹೋಗಿ ಬಹಳ ದಿನ ಆಯ್ತು!”

ಈ ಸಲ ನಾನು ಚೌಕಾಸಿ ಮಾಡದೆ ಒಪ್ಪಿಕೊಂಡೆ.