ಕ್ರೋಯ್ಡನ್ನಿನಲ್ಲಿ ಮೊಘಲರ ಪಾಠ

೧. ಕೇಕಿನ ಹೆಂಗಸು

ದೀಪ ಆರಿಸಿ ಮೊದಲ ಸ್ಲೈಡ್ ಹಾಕಿದ್ದೆ. ಬಾಗಿಲು ತಳ್ಳಿಕೊಂಡು ಹೆಂಗಸೊಬ್ಬರು ಬಂದರು. ಕೈಯಲ್ಲಿ ಕ್ರೀಮ್ ಹಿಂಡುವ ಚೀಲ, ಕಂಕುಳಲ್ಲಿ ಕೇಕಿನ ತಟ್ಟೆ. ಗೋಡೆಯ ಮೇಲೆ ಹುಮಾಯೂನನ ಗೋರಿ ನೋಡಿ ನಿಂತುಬಿಟ್ಟರು.

“ಕೇಕ್ ಕ್ಲಾಸ್ ಇಲ್ಲವಾ?” ಎಂದರು ಇಂಗ್ಲಿಷಿನಲ್ಲಿ.

“ಈ ಕೋಣೆಯಲ್ಲಿ ಅದು ಹೋದ ವರ್ಷವಿತ್ತು. ಈಗ ಇದು ಮೊಘಲ್ ಕಟ್ಟಡಗಳ ಇತಿಹಾಸ.”

“ಅಯ್ಯೋ ದೇವರೇ!” ಇದು ಕನ್ನಡದಲ್ಲಿ.

ನಾನೂ ಕನ್ನಡದಲ್ಲೇ ಹೇಳಿದೆ: “ಬಾಗಿಲು ಹಾಕಿ. ಬೆಳಕು ಬರುತ್ತೆ.”

ಉಡುಪಿ ಕಡೆಯವರು, ಮನೆಮಾತು ಕೊಂಕಣಿ. “ನೀವು ಮೈಸೂರಿನವರಾ? ಮತ್ತೆ ಬೇಲೂರು ಬಿಟ್ಟು ಮೊಘಲರದ್ದು ಎಂತಕ್ಕೆ ಮಾರಾಯ್ರೇ?”

“ಬೇಲೂರು ಹೊಗಳುವವರು ಬೇಕಾದಷ್ಟಿದ್ದಾರೆ.”

ಅದು ಕ್ರೋಯ್ಡನ್ನಿನ ಸಂಜೆ ಶಾಲೆ, ದೊಡ್ಡವರಿಗೆ. ಜನ ಕಡಿಮೆಯಾದರೆ ತರಗತಿ ಮುಚ್ಚುತ್ತಾರೆ. ನನ್ನದರಲ್ಲಿ ಆಗಲೇ ಕಡಿಮೆ. ಕೂರಿ ಎಂದೆ.

“ಗಂಡ ಕಾರು ತರುವವರೆಗೆ ಕೂರುತ್ತೇನೆ. ಹೊರಗೆ ಚಳಿ. ನೀವು ಮಾತಾಡಿಕೊಳ್ಳಿ,” ಎಂದರು.

ಮುಂದಿನ ವಾರವೂ ಬಂದರು. ಹೊರಗೆ ಇನ್ನೂ ಚಳಿಯಿತ್ತಂತೆ.

೨. ಕೈ ಕತ್ತರಿಸಿದ ಕಥೆ

ತರಗತಿಯಲ್ಲಿ ಒಬ್ಬ ನಿವೃತ್ತ ಇಂಗ್ಲಿಷ್ ಬಸ್ ಚಾಲಕ, ಹೆಂಡತಿ ಸಮೇತ. ಆಗ್ರಾ ನೋಡಿ ಬಂದಿದ್ದ.

“ತಾಜ್ ಮಹಲ್ ಮುಗಿದ ಮೇಲೆ ಬಾದಶಹ ಕೆಲಸಗಾರರ ಕೈ ಕತ್ತರಿಸಿದ, ಅಲ್ಲವೇ?”

“ಅಲ್ಲ. ಯಾವ ಆಧಾರವೂ ಇಲ್ಲ.”

“ಗೈಡ್ ಹೇಳಿದ. ಕೈ ಕಳೆದುಕೊಂಡವನ ವಂಶದವನ ಅಂಗಡಿಗೇ ಕರೆದುಕೊಂಡು ಹೋದ. ಅವನ ಹತ್ತಿರ ಅಮೃತಶಿಲೆಯ ಟೀಪಾಯಿ ಕೊಂಡೆ.”

“ಕೈಯಿಲ್ಲದವನು ಮಗನಿಗೆ ಕೆಲಸ ಕಲಿಸಿದ್ದು ಹೇಗೆ?”

ಮುಂದಿನ ವಾರ ಟೀಪಾಯಿಯನ್ನೇ ಹೊತ್ತು ತಂದ. ಟ್ರ್ಯಾಮಿನಲ್ಲಿ.

ಒಳ್ಳೆಯದೇ ಆಯಿತು. ಅದನ್ನಿಟ್ಟುಕೊಂಡು ಪಚ್ಚೀಕಾರಿ ಹೇಳಿಕೊಟ್ಟೆ. ಬಿಳಿ ಕಲ್ಲಿನಲ್ಲಿ ಹೂವಿನ ಆಕಾರಕ್ಕೆ ಗುಳಿ ಕೊರೆಯಬೇಕು. ಅದೇ ಅಳತೆಗೆ ಬಣ್ಣದ ಕಲ್ಲು ಕತ್ತರಿಸಿ ಒಳಗೆ ಕೂರಿಸಬೇಕು. ಮೇಲೆ ಕೈಯಾಡಿಸಿದರೆ ಏನೂ ತಾಗಬಾರದು. ಹೇಳುತ್ತಾ ಟೀಪಾಯಿಯ ಮೇಲೆ ಕೈಯಾಡಿಸಿದೆ. ತಾಗಿತು. ಉಗುರು ಹಾಕಿದೆ. ಕೆಂಪು ಹೂವು ಸಿಪ್ಪೆಯ ಹಾಗೆ ಎದ್ದು ಬಂತು.

ಅವನ ಹೆಂಡತಿ ಬಾಯಿ ಬಿಟ್ಟಳು: “ಕತ್ತರಿಸಬೇಕಾಗಿದ್ದದ್ದು ಇದನ್ನು ಮಾಡಿದವನ ಕೈ.”

೩. ಹೃದಯ

ಸಂಜೆ ಶಾಲೆಯ ಮುಖ್ಯಸ್ಥೆ ಕರೆಸಿದಳು. ಜನ ಸಾಲದು, ತರಗತಿಯ ಹೆಸರು ಬದಲಾಯಿಸಿ ಎಂದಳು. ‘ಮೊಘಲ್ ಸ್ಮಾರಕಗಳು ಮತ್ತು ಅವುಗಳ ಅಲಂಕಾರದ ಇತಿಹಾಸ’ ಉದ್ದವಾಯಿತಂತೆ. ‘ತಾಜ್ ಮಹಲ್: ಅಮರ ಪ್ರೇಮ’ ಎಂದಿರಲಿ.

“ಇಲ್ಲ.”

“ಪ್ರೇಮ ಎಂಬ ಒಂದು ಮಾತಾದರೂ ಸೇರಿಸಿ.”

“ಅದು ಗೋರಿ.”

“ಜನಕ್ಕೆ ಗೋರಿ ಬೇಡ.”

“ಬೇಡವೆಂದರೆ ಬಿಡುತ್ತದೆಯೇ?”

ನನ್ನನ್ನು ಕೇಳದೆ ಪೋಸ್ಟರ್ ಮಾಡಿಸಿದಳು. ತರಗತಿಗೆ ನಾನಿಟ್ಟ ಹೆಸರೇ ಉಳಿದಿತ್ತು. ನಡುವೆ ಮಾತ್ರ ಒಂದು ದೊಡ್ಡ ಗುಲಾಬಿ ಬಣ್ಣದ ಹೃದಯ. ಕತ್ತರಿ ತಂದು ಅಷ್ಟೂ ಪೋಸ್ಟರುಗಳ ಹೃದಯ ಕತ್ತರಿಸಿ ತೆಗೆದೆ. ಹೃದಯದ ಆಕಾರದ ತೂತು ಉಳಿಯಿತು.

ಉಡುಪಿಯವರು ತೂತಿನಲ್ಲಿ ಬೆರಳಾಡಿಸಿ ಹೇಳಿದರು: “ಗುಳಿ ಕೊರೆದಾಯಿತು. ಇನ್ನು ಕಲ್ಲು ಕೂರಿಸುವುದು ಯಾವಾಗ ಸರ್?”

೪. ನಾಲ್ಕನೆಯ ಮಿನಾರು

ಪೋಸ್ಟರ್ ಹಂಚಲು ಹೊರಟೆ. ಹತ್ತಿರದಲ್ಲೇ ಸಿಲ್ಹೆಟ್ ಕಡೆಯ ಬಂಗಾಳಿಯೊಬ್ಬನ ಹೋಟೆಲು. ಒಳಗೋಡೆಯ ತುಂಬ ತಾಜ್ ಮಹಲಿನ ಚಿತ್ರ. ನೋಡಿದೆ. ಸುಮ್ಮನಿರಲಾಗಲಿಲ್ಲ.

“ಮೂರೇ ಮಿನಾರು ಬರೆಸಿದ್ದೀರಿ. ನಾಲ್ಕಿರಬೇಕು.”

“ನಾಲ್ಕಿವೆ ಸಾಬ್.”

“ಎಲ್ಲಿ?”

“ಗೋಡೆ ಸಾಲಲಿಲ್ಲ. ಆ ಬಾಗಿಲಿನ ಆಚೆ ಹೋಗಿ ನೋಡಿ.”

ಅದು ಗಂಡಸರ ಟಾಯ್ಲೆಟ್. ಹೋದೆ. ಇತ್ತು. ಅಳತೆಯೂ ಸರಿಯಿತ್ತು.

ಪೋಸ್ಟರ್ ಕೊಟ್ಟು ಮಿನಾರಿನ ಪಕ್ಕ ಹಾಕಲು ಹೇಳಿ ಬಂದೆ. ಯಾವ ಮಿನಾರು ಎಂದು ಹೇಳಿರಲಿಲ್ಲ. ಮುಂದಿನ ತಿಂಗಳು ಹೊಸಬರು ಸೇರಿದರು. ಎಲ್ಲರೂ ಗಂಡಸರೇ.

೫. ಖಾಲಿ ಮೇಜು

ಆದರೂ ಮುಖ್ಯಸ್ಥೆ ಬಿಡಲಿಲ್ಲ. ವರ್ಷದ ಕೊನೆಗೆ ಪ್ರದರ್ಶನ. ಪ್ರತಿ ತರಗತಿಗೂ ಒಂದು ಮೇಜು. ವಿದ್ಯಾರ್ಥಿಗಳು ಏನು ಮಾಡಿದರೋ ಅದನ್ನು ಇಡಬೇಕು. ಮೇಲಿನ ಅಧಿಕಾರಿ ಬಂದು ನೋಡುತ್ತಾರೆ. ಮೇಜು ಖಾಲಿಯಿದ್ದರೆ ತರಗತಿ ಮುಚ್ಚಿತು.

“ಇತಿಹಾಸದ ತರಗತಿಯಲ್ಲಿ ಏನು ಮಾಡುತ್ತಾರೆ? ನೋಡುತ್ತಾರೆ,” ಎಂದೆ.

“ಹಾಗಾದರೆ ಏನಿಡುತ್ತೀರಿ?”

“ಮೇಜು.”

ಉಡುಪಿಯವರಿಗೆ ಸುದ್ದಿ ಮುಟ್ಟಿತು. “ನಿಮ್ಮ ಹಟಕ್ಕೆ ಬೆಂಕಿ ಬೀಳ! ನಮ್ಮ ಕ್ಲಾಸ್ ಅದು. ನೀವು ಸುಮ್ಮನಿರಿ,” ಎಂದರು. ಸುಮ್ಮನಿರುವುದು ನನಗೆ ಕಷ್ಟವಲ್ಲ.

ಪ್ರದರ್ಶನದ ದಿನ ನಮ್ಮ ಮೇಜಿನ ಮೇಲೆ ಒಂದು ಚೌಕದ ಕೇಕು. ಬಿಳಿ ಸಕ್ಕರೆಯ ಮೈ. ಸುತ್ತ ಅಂಚಿನಲ್ಲಿ ಬಳ್ಳಿ, ಕೆಂಪು ಹೂವು, ಹಸಿರು ಎಲೆ. ತಾಜ್ ಮಹಲಿನ ಗೋಡೆಯ ಅಂಚು. ಕನ್ನಡಕ ಹಾಕಿಕೊಂಡೆ. ಹೂವನ್ನು ಮೇಲೆ ಅಂಟಿಸಿರಲಿಲ್ಲ. ಬಿಳಿಯನ್ನು ಕೊರೆದು ಬಣ್ಣದ ಸಕ್ಕರೆಯನ್ನು ಒಳಗೆ ಕೂರಿಸಿದ್ದರು. ಕೈಯಾಡಿಸಿದೆ. ಏನೂ ತಾಗಲಿಲ್ಲ.

“ಬೈಯಿರಿ ಸರ್,” ಎಂದರು ಉಡುಪಿಯವರು.

“ಎಡಗಡೆ ಒಂದು ಎಲೆ ಕಡಿಮೆ.”

“ಅದನ್ನು ಗಂಡ ತಿಂದರು.”

ಅಧಿಕಾರಿ ಬಂದ. ಜೊತೆಗೆ ಮುಖ್ಯಸ್ಥೆ. ನಾನು ಪಚ್ಚೀಕಾರಿಯ ಚರಿತ್ರೆ ಶುರು ಮಾಡಿದೆ. ಷಹಜಹಾನನವರೆಗೂ ಬಂದಿರಲಿಲ್ಲ, ಅಧಿಕಾರಿ ಚಾಕು ಎಲ್ಲಿ ಎಂದು ಕೇಳಿದ.

“ಸ್ಮಾರಕಕ್ಕೆ ಚಾಕು ಹಾಕುವಂತಿಲ್ಲ,” ಎಂದೆ.

“ಇದು ಕೇಕಲ್ಲವೇ?”

“ಮೊದಲು ಚರಿತ್ರೆ ಕೇಳಿ.”

ಕೇಕಿಗೆ ಅಡ್ಡ ನಿಂತೆ. ಮುಖ್ಯಸ್ಥೆ ಕೆಂಪಾದಳು. ಅಧಿಕಾರಿ ವಿಧಿಯಿಲ್ಲದೆ ಔರಂಗಜೇಬನವರೆಗೂ ಕೇಳಿದ. ಆಮೇಲೆ ಪಕ್ಕಕ್ಕೆ ಸರಿದೆ. ಉಡುಪಿಯವರೇ ಕತ್ತರಿಸಿ ಕೊಟ್ಟರು. ಅವನು ಎರಡು ಸಲ ಹಾಕಿಸಿಕೊಂಡ.

ತರಗತಿ ಉಳಿಯಿತು. ಮುಂದಿನ ವರ್ಷದ ಪಟ್ಟಿಯಲ್ಲಿ ಅದರ ಹೆಸರು ಒಂದಕ್ಷರವೂ ಬದಲಾಗದೆ ಅಚ್ಚಾಗಿತ್ತು, ಅಡುಗೆ ವಿಭಾಗದಲ್ಲಿ. ಮೊದಲ ದಿನ ಕೋಣೆ ಭರ್ತಿ. ಅರ್ಧ ಜನ ಏಪ್ರನ್ ಕಟ್ಟಿಕೊಂಡು ಬಂದಿದ್ದರು. ಬಾಗಿಲಿಗೆ ಚಿಲಕ ಹಾಕಿ, ದೀಪ ಆರಿಸಿ, ಹುಮಾಯೂನನ ಗೋರಿಯಿಂದ ಶುರು ಮಾಡಿದೆ.