ಐವತ್ತು ಕಿಲೋ ಮೆಣಸಿನಕಾಯಿಯ ಪಣ

ನನಗೆ ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು. ಇಪ್ಪತ್ತಾರು ಸೆಪ್ಟೆಂಬರುಗಳಲ್ಲೂ ಮೆಣಸಿನಕಾಯಿ ಸುಲಿದಿದ್ದೇನೆ. ಕೆಂಪು ದೊಣ್ಣೆಮೆಣಸು ಸುಟ್ಟು, ಸುಲಿದು, ಅಯ್ವರ್ ಎಂಬ ಗೊಜ್ಜು ಕುದಿಸಿ ಜಾಡಿ ತುಂಬದಿದ್ದರೆ ಚಳಿಗಾಲಕ್ಕೆ ಬರಲು ದಾರಿಯೇ ಗೊತ್ತಾಗುವುದಿಲ್ಲ ಎಂಬುದು ನಮ್ಮ ವೆಲೆಸ್ ಊರಿನ ಹೆಂಗಸರ ನಂಬಿಕೆ. ನಮ್ಮ ಮನೆಯಲ್ಲಿ ಸುಡುವುದು, ಕುದಿಸುವುದು ಹೆಂಡತಿ ಲೆನ್ಚೆಯ ಖಾತೆ. ಸುಲಿಯುವುದು ನನ್ನ ಮತ್ತು ಅತ್ತೆ ಡೊನ್ಕಾರವರ ಖಾತೆ, ತಲಾ ಐವತ್ತು ಕಿಲೋ.

ಈ ವರ್ಷ ನನಗೊಂದು ಉಪಾಯ ಹೊಳೆಯಿತು. (ನನಗೆ ಉಪಾಯ ಹೊಳೆದಾಗಲೆಲ್ಲ ಲೆನ್ಚೆ ತನ್ನ ಪರ್ಸು ಬಚ್ಚಿಡುತ್ತಾಳೆ.) ಬೇಸಿಗೆಯಿಂದ ಕಂಪ್ಯೂಟರಿನಲ್ಲಿ ಪೋಕರ್ ಎಂಬ ಮಹಾವಿದ್ಯೆ ಕಲಿಯುತ್ತಿದ್ದೆ. ಸೆಂಟುಗಳ ಆಟ, ಆರೇ ಜನ ಕೂರುವ ಚಿಕ್ಕ ಮೇಜು.

"ಇಪ್ಪತ್ತು ಯೂರೋ ಹಾಕಿದೀನಿ. ಸುಲಿಯೋ ದಿನದೊಳಗೆ ನಲವತ್ತು ಮಾಡಿದ್ರೆ ನನ್ನ ಪಾಲಿನ ಮೆಣಸಿನಕಾಯಿ ಮಾಫಿ" ಎಂದು ಲೆನ್ಚೆಗೆ ಹೇಳಿದೆ.

"ಮಾಡದಿದ್ರೆ?"

"ಅತ್ತೆ ಪಾಲೂ ನಾನೇ ಸುಲೀತೀನಿ."

"ಬರೆಸಿಕೊಳ್ಳೇ" ಅಂದರು ಅತ್ತೆ, ತಲೆ ಎತ್ತದೆ.

ಎರಡು ವಾರದಲ್ಲಿ ಇಪ್ಪತ್ತು ಹತ್ತಾಯಿತು. ಅದಕ್ಕೆ ಕಾರಣ ನನ್ನ ಸಂಸ್ಕಾರ. ನಮ್ಮೂರ ಹೋಟೆಲಿನಲ್ಲಿ ಬಿಲ್ಲು ಬಂದಾಗ ಒಬ್ಬ ಜೇಬಿಗೆ ಕೈ ಹಾಕಿದರೆ ಇನ್ನೊಬ್ಬ ಆ ಕೈ ಹಿಡಿದು ತಾನು ದುಡ್ಡಿಡಬೇಕು. ಸುಮ್ಮನೆ ಕೂತವನ ಮಾನ ಮೊಮ್ಮಕ್ಕಳ ಕಾಲಕ್ಕೂ ವಾಪಸು ಬರುವುದಿಲ್ಲ. ಅದೇ ಅಭ್ಯಾಸಬಲದಿಂದ ಮೇಜಿನಲ್ಲಿ ಯಾವನೋ ಹತ್ತು ಸೆಂಟು ಇಟ್ಟರೆ ನಾನೂ ಹತ್ತಿಟ್ಟೆ, ಐವತ್ತಿಟ್ಟರೆ ಐವತ್ತು. ಕೈಯಲ್ಲಿದ್ದದ್ದು ಎರಡು ಮತ್ತು ಏಳು ಎಂಬ ದರಿದ್ರ ಎಲೆಗಳಾದರೂ ಸರಿಯೇ. ಮುಖ ನೋಡದವರ ಮುಂದೆ ಜಿಪುಣ ಅನ್ನಿಸಿಕೊಳ್ಳುವುದುಂಟೇ? ಒಳ್ಳೆಯ ಎಲೆ ಬರಲಿ ಎಂದು ಕಾಯೋಣವೆಂದರೆ ಅದಕ್ಕೂ ದಂಡ. ಸುತ್ತಿಗಿಷ್ಟು ಕಡ್ಡಾಯವಾಗಿ ಇಡಲೇಬೇಕಾದ ಕಾಸು, ಜನ ಕಡಿಮೆಯಾದ್ದರಿಂದ, ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ಸರದಿಗೆ ಬಂದು ನಿಲ್ಲುತ್ತಿತ್ತು.

ಶನಿವಾರ ಮೆಣಸಿನಕಾಯಿ ಕೊಳ್ಳಲು ಅತ್ತೆಯ ಹಿಂದೆ ಚೀಲ ಹೊತ್ತು ಸಂತೆಗೆ ಹೋದೆ. ಮೊದಲನೆಯವನು ದರ ಹೇಳಿದ. ಅತ್ತೆ ಉತ್ತರವನ್ನೂ ಕೊಡದೆ ಮುಂದೆ ನಡೆದರು. ಎರಡನೆಯವನ ಹತ್ತಿರವೂ ಅದೇ, ಮೂರನೆಯವನ ಹತ್ತಿರವೂ ಅದೇ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಲ್ಕನೆಯವನು ಆಗಲೇ ತಕ್ಕಡಿ ಒರೆಸಿ ಇಡುತ್ತಿದ್ದ. ಅತ್ತೆ ಅವನ ಮುಂದೆ ನಿಂತು, "ಇಡೀ ಗಾಡಿ ನನಗೆ. ಅರ್ಧ ದರ. ಈಗಲೇ ಹೇಳು" ಅಂದರು. ಅವನು ಒರೆಸಿಟ್ಟ ತಕ್ಕಡಿ ಮತ್ತೆ ತೆಗೆದು ತೂಗಿ ಕೊಟ್ಟ.

"ಮೂರು ಜನರ ಮುಂದೆ ಹಾಗೇ ಬಂದ್ಬಿಟ್ರಲ್ಲ, ನಾಚಿಕೆ ಆಗಲ್ವಾ ಅತ್ತೆ?"

"ಬೇಡದ್ದನ್ನ ಕೊಂಡಿದ್ರೆ ನಾಚಿಕೆ ಆಗ್ತಿತ್ತು."

"ಮತ್ತೆ ಇವನ ಮೇಲೆ ಹಾಗೆ ಬಿದ್ರಿ?"

"ಇವನು ಮನೆಗೆ ಹೋಗೋ ಆತುರದಲ್ಲಿದ್ದ. ನಿಮಗೆ ಕಣ್ಣಿಲ್ವಾ ಅಳಿಯಂದ್ರೆ?"

ನನಗೆ ಜ್ಞಾನೋದಯವಾಯಿತು, ಎರಡೂ ಭುಜದ ಮೇಲೆ ಚೀಲವಿದ್ದಾಗಲೇ.

ಅಂದಿನಿಂದ ಪ್ರತಿ ಆಟಕ್ಕೂ ಒಂದೇ ಪ್ರಶ್ನೆ: ಅತ್ತೆ ಏನು ಮಾಡುತ್ತಿದ್ದರು? ಕೆಟ್ಟ ಎಲೆಯಾದರೆ ಮಾನ ಮರ್ಯಾದೆ ಬಿಟ್ಟು ಕೆಳಗಿಟ್ಟು ಆ ಸುತ್ತಿನಿಂದ ಹಿಂದೆ ಸರಿದೆ. ಒಳ್ಳೆಯದಾದರೆ ಸುಮ್ಮನೆ ಜೊತೆಗೆ ಇಡುತ್ತಾ ಕೂರದೆ ನಾನೇ ಪಣ ಏರಿಸಿದೆ. ಹತ್ತು ಇಪ್ಪತ್ತಾಯಿತು, ಇಪ್ಪತ್ತು ಮೂವತ್ತಾಯಿತು. ಸುಲಿಯುವ ದಿನದ ಬೆಳಿಗ್ಗೆ ಮೂವತ್ತೆಂಟು. ಅಂಗಳದಲ್ಲಿ ಒಲೆ ಹೊತ್ತಿತ್ತು. ಕಂಪ್ಯೂಟರಿನ ಮೇಜಿನಲ್ಲಿ, ಎಲ್ಲರೂ ಆಗಲೇ ಇಟ್ಟಿದ್ದ ಚಿಲ್ಲರೆಯ ಮೇಲೆ, 'ಉಕ್ಕಿನ ಸಿಂಹ' ಎಂಬ ಹೆಸರಿನವನೊಬ್ಬ ತಡೆದು ತಡೆದು, ಹೆದರಿ ಹೆದರಿ ಒಂದು ಯೂರೋ ಇಟ್ಟ. ನನ್ನ ಕೈಯಲ್ಲಿದ್ದದ್ದು ಒಂಬತ್ತು, ನಾಲ್ಕು. ಅಂದರೆ ಏನೂ ಇಲ್ಲ. ಆದರೂ ಅತ್ತೆ ಆ ನಾಲ್ಕನೆಯವನ ಮೇಲೆ ಬಿದ್ದ ಹಾಗೆ, ಮುಂದಿದ್ದದ್ದನ್ನೆಲ್ಲ ನೂಕಿಬಿಟ್ಟೆ. ಸಿಂಹ ಯೋಚಿಸಿತು, ಮತ್ತೂ ಯೋಚಿಸಿತು, ಎಲೆ ಕೆಳಗಿಟ್ಟಿತು. ನಲವತ್ತು ಯೂರೋ, ಮೂವತ್ತು ಸೆಂಟು. ಇಪ್ಪತ್ತಾರು ವರ್ಷದಲ್ಲಿ ಆ ಮನೆಯಲ್ಲಿ ನಾನು ಗೆದ್ದದ್ದು ಅದೇ ಮೊದಲು. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು.

ಲೆನ್ಚೆ ಪರದೆ ನೋಡಿದಳು, ನನ್ನನ್ನು ನೋಡಿದಳು. "ಮಾತು ಅಂದ್ರೆ ಮಾತು. ನಿನ್ನ ಐವತ್ತು ಕಿಲೋ ನಾನು ಸುಲೀತೀನಿ" ಅಂದಳು.

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. ಗೆದ್ದವನ ಔದಾರ್ಯ ನೋಡಿ, "ಇದೆಲ್ಲ ಅತ್ತೆಯವರ ವಿದ್ಯೆ" ಎಂದು ಭಾಷಣ ಬಿಗಿದೆ.

"ನನ್ನ ವಿದ್ಯೇನಾ? ಸರಿ, ಸ್ವಲ್ಪ ಆಚೆ ಸರೀರಿ" ಎನ್ನುತ್ತಾ ಅತ್ತೆ ನನ್ನ ಕುರ್ಚಿಯಲ್ಲಿ ಕೂತರು. ಹತ್ತು ನಿಮಿಷ ಪಾಠ ಹೇಳಿಸಿಕೊಂಡರು. ಹನ್ನೊಂದು ಸಲ ಎಲೆ ಕೆಳಗಿಟ್ಟರು. ಹನ್ನೆರಡನೆಯ ಸಲ ಎಲ್ಲವನ್ನೂ ನೂಕಿ, ಉಕ್ಕಿನ ಸಿಂಹವನ್ನು ಚರ್ಮ ಸಮೇತ ನುಂಗಿದರು.

"ಅಮ್ಮಾ, ಮೆಣಸಿನಕಾಯಿ ಸುಟ್ಟಾಯ್ತು, ಬಾ" ಎಂದು ಲೆನ್ಚೆ ಅಂಗಳದಿಂದ ಕರೆದಳು.

"ಈಗ ಎದ್ರೆ ಆಗಲ್ಲ ಕಣೇ. ಇಲ್ಲಿ ಐದು ಜನ ದುಡ್ಡು ಹಿಡ್ಕೊಂಡು ಕೂತವ್ರೆ."

ಲೆನ್ಚೆ ಒಳಬಂದು, ಹಬೆಯಾಡುವ ಬೋಗುಣಿಯೊಂದನ್ನು ನನ್ನ ತೊಡೆಯ ಮೇಲಿಟ್ಟಳು.

"ನನ್ನ ಪಾಲು ಮಾಫಿ" ಅಂದೆ.

"ನಿನ್ನ ಪಾಲು ನನ್ನ ತಟ್ಟೇಲಿದೆ. ಇದು ಅಮ್ಮನ ಪಾಲು. ಅವಳಿಗೆ ಆಟ ಕಲಿಸಿದ್ದು ಯಾರು?"

ಸಂಜೆಯ ಹೊತ್ತಿಗೆ ನನ್ನ ಕೈ ಮೊಣಕೈವರೆಗೆ ಕಪ್ಪಾಗಿತ್ತು. ನಮ್ಮ ಪಣದ ಸುದ್ದಿ ಬೀದಿಗೆಲ್ಲ ಗೊತ್ತು. ಪಕ್ಕದ ಮನೆಯ ಪಾಂಚೆ ಗೋಡೆಯ ಮೇಲಿಂದ ಇಣುಕಿ, ಅಯ್ಯೋ ಪಾಪ ಎಂಬಂತೆ ನೋಡಿದ.

"ಸೋತ್ಯಾ ಟ್ರಾಯ್ಚೆ?"

"ಇಲ್ಲ ಕಣೋ, ಗೆದ್ದೆ" ಅಂದೆ, ಇನ್ನೊಂದು ಮೆಣಸಿನಕಾಯಿ ಎತ್ತಿಕೊಳ್ಳುತ್ತಾ.